ಮೂತ್ರಕೋಶದ ಗೋಡೆಯಲ್ಲಿ ವಿಷಹಾರಿ ಕಿಣ್ವಗಳು

(ಮಂಗಳೂರಿನ ಉರ್ವದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ದೇಹವನ್ನು ಹೊಗುವ ಹೊರಗಿನ ರಾಸಾಯನಿಕಗಳಲ್ಲಿ ನೀರಿನಲ್ಲಿ ಕರಗುವಂಥವು ಮೂತ್ರದ ದಾರಿಯಲ್ಲಿ ಹೊರಬೀಳುತ್ತವೆ. ಕೊಬ್ಬಿನಲ್ಲಿ ಕರಗುವಂಥವು ಅಷ್ಟು ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಅವುಗಳನ್ನು ಮೊದಲು ನೀರಿಗೆ ಒಗ್ಗಿಸಬೇಕಾಗುತ್ತದೆ. ಈ ಕೆಲಸದ ಬಹುಪಾಲು ಪಿತ್ತಜನಕಾಂಗದಲ್ಲಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯ ಹಂತದಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವ ಕುಟುಂಬವು ಹೊರಗಿನ ಅಣುವಿಗೆ ಆಮ್ಲಜನಕವನ್ನು ಸೇರಿಸಿ ಅದನ್ನು ಚುರುಕುಗೊಳಿಸುತ್ತದೆ. ಎರಡನೆಯ ಹಂತದಲ್ಲಿ ಬೇರೆ ಕಿಣ್ವಗಳು ಆ ಚುರುಕಾದ ಅಣುವಿಗೆ ಗ್ಲುಟಾಥಯಾನ್, ಗ್ಲುಕುರಾನಿಕ್ ಆಮ್ಲ, ಸಲ್ಫೇಟ್ ಅಥವಾ ಅಸಿಟೈಲ್ ಗುಂಪನ್ನು ಅಂಟಿಸಿ ಹೊರಗೆ ಸಾಗಹಾಕುತ್ತವೆ. ಈ ಎರಡನೆಯ ಹಂತದ ಕಿಣ್ವಗಳನ್ನೇ ಸಾಮಾನ್ಯವಾಗಿ ವಿಷಹಾರಿ ಕಿಣ್ವಗಳೆಂದು ಕರೆಯಲಾಗುತ್ತದೆ. ಪಠ್ಯಪುಸ್ತಕಗಳು ಇಲ್ಲಿಗೇ ಮಾತು ನಿಲ್ಲಿಸುವುದರಿಂದ, ಪಿತ್ತಜನಕಾಂಗದಿಂದ ಹೊರಟ ಸರಕು ಮೂತ್ರವಾಗಿ ವಿಸರ್ಜನೆಯಾಗುವುದಕ್ಕೆ ಮೊದಲು ಎಲ್ಲಿ ಎಷ್ಟು ಹೊತ್ತು ತಂಗುತ್ತದೆ ಎಂಬ ಪ್ರಶ್ನೆ ಓದುಗನಿಗೆ ಏಳುವುದೇ ಇಲ್ಲ.

ಅದು ತಂಗುವುದು ಮೂತ್ರಕೋಶದಲ್ಲಿ. ರಕ್ತದಲ್ಲಿ ಹರಿಯುವಾಗ ಇತರ ಅಂಗಗಳ ಮಟ್ಟಿಗೆ ಕ್ಷಣಮಾತ್ರದ ಅತಿಥಿಯಾಗಿದ್ದ ಒಂದು ಅಣು ಇಲ್ಲಿ ಹಲವು ಪಟ್ಟು ಸಾಂದ್ರವಾಗಿ, ಗಂಟೆಗಟ್ಟಲೆ, ಒಂದೇ ಗೋಡೆಗೆ ತಾಗಿಕೊಂಡಿರುತ್ತದೆ. ಯೂರೋಥೀಲಿಯಂ ಎಂದು ಕರೆಯಲಾಗುವ ಆ ಗೋಡೆಯ ಒಳಪದರ ಐದಾರು ಸಾಲು ಜೀವಕೋಶಗಳಷ್ಟೇ ದಪ್ಪವಾಗಿದ್ದು, ಮೂತ್ರಕ್ಕೆ ಎದುರಾಗಿರುವ ಮೇಲಿನ ಸಾಲಿನ ದೊಡ್ಡ ಕೋಶಗಳು ಛತ್ರಿಯಂತೆ ಕೆಳಗಿನವನ್ನು ಮುಚ್ಚಿರುತ್ತವೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಯೂರೋಥೀಲಿಯಂ ಬದಲಾಗಲು ತಿಂಗಳುಗಳೇ ಬೇಕು. ಹಾಗಾಗಿ ಇಲ್ಲಿನ ಕೋಶವೊಂದರ ಡಿಎನ್‌ಎಗೆ ತಗಲಿದ ಪೆಟ್ಟು ಆ ಕೋಶದೊಡನೆಯೇ ಬೇಗ ಉದುರಿಹೋಗುವುದಿಲ್ಲ. ಈ ಗೋಡೆಗೆ ತನ್ನದೇ ಆದ ಕಿಣ್ವಗಳಿವೆ. ಅವು ಆರೋಗ್ಯವಂತ ಅಂಗಾಂಶದಲ್ಲಿ ಎಷ್ಟಿವೆ, ಕ್ಯಾನ್ಸರ್ ಗಡ್ಡೆಯಲ್ಲಿ ಎಷ್ಟಾಗುತ್ತವೆ ಎಂಬುದು ಈ ಉಪನ್ಯಾಸದ ವಿಷಯ. ಒಂದು ಕಿಣ್ವವು ಅಂಗಾಂಶದಲ್ಲಿ ಹೆಚ್ಚಾಗಿ ಕಂಡರೆ ಒಳ್ಳೆಯದು, ಕಡಿಮೆ ಕಂಡರೆ ಕೆಟ್ಟದ್ದು ಎಂದು ಓದುವ ವಾಡಿಕೆ ತಪ್ಪೆಂಬುದು ಮುಂದಿನ ವಿವರಗಳಿಂದ ತಿಳಿದೀತು: ಯಾವ ಅಂಗದಲ್ಲಿ, ಯಾವ ಪದಾರ್ಥದ ಎದುರು, ರೋಗ ಹುಟ್ಟುವ ಮೊದಲೋ ಹುಟ್ಟಿದ ಮೇಲೋ ಎಂಬ ಮೂರನ್ನೂ ಹೇಳದೆ ಆ ಅಳತೆಗೆ ಅರ್ಥವಿಲ್ಲ.

ಮೂತ್ರಕೋಶದ ಕ್ಯಾನ್ಸರಿಗೂ ರಾಸಾಯನಿಕಗಳಿಗೂ ಇರುವ ನಂಟು ಮೊದಲು ಗೊತ್ತಾದದ್ದು ಬಣ್ಣದ ಕಾರ್ಖಾನೆಗಳಲ್ಲಿ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫ್ಯೂಕ್ಸಿನ್ ಎಂಬ ಕೆಂಬಣ್ಣ ತಯಾರಿಸುವ ಕೆಲಸಗಾರರಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು ವರದಿ ಮಾಡಿದರು. ಮಂಗಳೂರಿಗೂ ಬಣ್ಣದ ಚರಿತ್ರೆ ಇದೆ. 1850ರ ದಶಕದ ಆರಂಭದಲ್ಲಿ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣವನ್ನು ರೂಪಿಸಿದರೆಂದು ಹೇಳಲಾಗುತ್ತದೆ. ಆದರೆ ಕಲ್ಲಿದ್ದಲ ಡಾಂಬರಿನಿಂದ ಕೃತಕ ಬಣ್ಣ ತೆಗೆಯುವ ವಿದ್ಯೆ 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ನನಿಂದ ಶುರುವಾದದ್ದರಿಂದ, ಹಾಲರನ ಬಣ್ಣದ ಹಂಡೆಯನ್ನು ರೇನ್ ಕಂಡ ರೋಗದೊಡನೆ ಜೋಡಿಸುವುದು ಸಲ್ಲದು. ಕೃತಕ ಬಣ್ಣದ ಮೂಲಸಾಮಗ್ರಿಗಳಾದ 2-ನ್ಯಾಫ್ಥೈಲಮೀನ್, ಬೆಂಜಿಡೀನ್ ಮತ್ತು ಅವುಗಳ ಸಂಬಂಧಿಯಾದ 4-ಅಮೈನೋಬೈಫೀನೈಲ್ ಇವೆಲ್ಲ ಆರೋಮ್ಯಾಟಿಕ್ ಅಮೀನ್‌ಗಳೆಂಬ ಒಂದೇ ಕುಲಕ್ಕೆ ಸೇರಿದವು. ಅಂದರೆ ಬೆಂಜೀನ್ ಉಂಗುರಕ್ಕೆ ಅಮೀನ್ ಎಂಬ ಸಾರಜನಕದ ಗುಂಪು ಅಂಟಿಕೊಂಡಿರುವ ಅಣುಗಳು.

1938ರಲ್ಲಿ ವಿಲ್ಹೆಲ್ಮ್ ಹ್ಯೂಪರ್ ಮತ್ತು ಸಂಗಡಿಗರು ನಾಯಿಗಳಿಗೆ 2-ನ್ಯಾಫ್ಥೈಲಮೀನ್ ಕೊಟ್ಟು ಮೂತ್ರಕೋಶದ ಗಡ್ಡೆಗಳನ್ನು ಬರಿಸಿ ತೋರಿಸಿದರು. ಇಲಿಗಳಲ್ಲಿ ಹಾಗಾಗದೆ ನಾಯಿಯಲ್ಲೇ ಏಕಾಯಿತು ಎಂಬುದಕ್ಕೆ ಒಂದು ಉತ್ತರ ಕಿಣ್ವಶಾಸ್ತ್ರದಿಂದ ಬಂತು. ಆರೋಮ್ಯಾಟಿಕ್ ಅಮೀನ್‌ಗೆ ಅಸಿಟೈಲ್ ಗುಂಪನ್ನು ಅಂಟಿಸಿ ತಣ್ಣಗಾಗಿಸುವ ಎನ್-ಅಸಿಟೈಲ್‌ಟ್ರಾನ್ಸ್‌ಫರೇಸ್ (ಎನ್‌ಎಟಿ) ಕಿಣ್ವದ ವಂಶವಾಹಿಯೇ ನಾಯಿಗೆ ಇಲ್ಲ. ಮನುಷ್ಯರಲ್ಲಿ ಆ ಕಿಣ್ವ ಉಂಟಾದರೂ ಎಲ್ಲರಲ್ಲೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಈ ವ್ಯತ್ಯಾಸ ಹೊರಬಿದ್ದದ್ದು ಕ್ಯಾನ್ಸರ್ ಸಂಶೋಧನೆಯಿಂದಲ್ಲ, ಕ್ಷಯರೋಗದ ಚಿಕಿತ್ಸೆಯಿಂದ. ಐಸೋನಿಯಾಜಿಡ್ ಮಾತ್ರೆಯನ್ನು ಕೆಲವರ ದೇಹ ಬೇಗನೆಯೂ ಕೆಲವರ ದೇಹ ನಿಧಾನವಾಗಿಯೂ ನಿಷ್ಕ್ರಿಯಗೊಳಿಸುವುದು 1950ರ ದಶಕದಲ್ಲಿ ಗಮನಕ್ಕೆ ಬಂತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ದಕ್ಷಿಣ ಭಾರತದ ರೋಗಿಗಳನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಂದಿ ನಿಧಾನದ ಗುಂಪಿನವರೆಂದು ಕಂಡುಬಂತು. ಜಪಾನಿನಲ್ಲಿ ಈ ಗುಂಪು ಹತ್ತರಲ್ಲಿ ಒಬ್ಬರ ಆಸುಪಾಸು ಮಾತ್ರ.

1982ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಟ್‌ರೈಟ್ ಮತ್ತು ಸಂಗಡಿಗರು ಬಣ್ಣದ ರಾಸಾಯನಿಕಗಳ ಒಡನಾಟವಿದ್ದು ಮೂತ್ರಕೋಶದ ಕ್ಯಾನ್ಸರ್ ಬಂದ 23 ಕೆಲಸಗಾರರನ್ನು ಪರೀಕ್ಷಿಸಿದಾಗ ಅವರಲ್ಲಿ 22 ಮಂದಿ ನಿಧಾನ ಅಸಿಟೈಲೀಕರಣದವರಾಗಿದ್ದರು. ಇಷ್ಟು ನೇರವಾದ ಫಲಿತಾಂಶ ವೈದ್ಯಕೀಯದಲ್ಲಿ ಅಪರೂಪ. ಅದರ ಮೋಡಿಯೇ ಒಂದು ಸರಳೀಕರಣಕ್ಕೆ ದಾರಿಯಾಯಿತು. ನಿಧಾನದವರೆಲ್ಲ ಅಪಾಯದಲ್ಲಿರುವವರು, ವೇಗದವರೆಲ್ಲ ಸುರಕ್ಷಿತರು ಎಂಬ ನಂಬಿಕೆ ಬೇರೂರುವಷ್ಟರಲ್ಲಿ, ಚೀನಾದ ಬೆಂಜಿಡೀನ್ ಕೆಲಸಗಾರರ ಅಧ್ಯಯನ 1993ರಲ್ಲಿ ಪ್ರಕಟವಾಗಿ, ಅವರಲ್ಲಿ ನಿಧಾನದ ಗುಂಪಿಗೆ ಯಾವ ಹೆಚ್ಚಿನ ಅಪಾಯವೂ ಇಲ್ಲವೆಂದು ತೋರಿಸಿತು. ಕಾರಣ ಅಣುವಿನ ರಚನೆಯಲ್ಲೇ ಇದೆ. ಬೆಂಜಿಡೀನ್‌ಗೆ ಎರಡು ಅಮೀನ್ ಗುಂಪುಗಳಿರುವುದರಿಂದ ಒಂದಕ್ಕೆ ಅಸಿಟೈಲ್ ಅಂಟಿದರೂ ಇನ್ನೊಂದು ಉಳಿಯುತ್ತದೆ, ಮತ್ತು ಆ ಅರೆ ಅಸಿಟೈಲ್ ರೂಪವೇ ಡಿಎನ್‌ಎಗೆ ಅಂಟುವ ಪದಾರ್ಥದ ತಾಯಿ. ಒಂದೇ ಕಿಣ್ವದ ಒಂದೇ ಕೆಲಸ 2-ನ್ಯಾಫ್ಥೈಲಮೀನ್ ಎದುರು ರಕ್ಷಣೆ, ಬೆಂಜಿಡೀನ್ ಎದುರು ಬಹುಮಟ್ಟಿಗೆ ಕೇಡಿನ ಮೊದಲ ಹೆಜ್ಜೆ.

ಗ್ಲುಕುರಾನಿಕ್ ಆಮ್ಲವನ್ನು ಅಂಟಿಸುವ ಯುಜಿಟಿ ಕಿಣ್ವಗಳ ಕಥೆ ಇದಕ್ಕಿಂತ ಹೆಚ್ಚು ಕುತೂಹಲದ್ದು. ಪಿತ್ತಜನಕಾಂಗದಲ್ಲಿ ಪಿ450 ಕುಟುಂಬದ 1ಎ2 ಎಂಬ ಸದಸ್ಯ ಆರೋಮ್ಯಾಟಿಕ್ ಅಮೀನ್‌ನ ಸಾರಜನಕಕ್ಕೆ ಆಮ್ಲಜನಕವನ್ನು ಸೇರಿಸಿದ ಮೇಲೆ, ಅಲ್ಲಿಯೇ ಇರುವ ಯುಜಿಟಿ ಆ ಅಪಾಯಕಾರಿ ಅಣುವಿಗೆ ಗ್ಲುಕುರಾನಿಕ್ ಆಮ್ಲವನ್ನು ಕಟ್ಟಿ ಮೂತ್ರದ ದಾರಿ ಹಿಡಿಸುತ್ತದೆ. ಪಿತ್ತಜನಕಾಂಗದ ಮಟ್ಟಿಗೆ ಇದು ವಿಷಹರಣವೇ, ಏಕೆಂದರೆ ಅದಕ್ಕೆ ಅಪಾಯ ತಪ್ಪಿತು. ಆದರೆ ಈ ಕಟ್ಟು ಆಮ್ಲೀಯ ಮೂತ್ರದಲ್ಲಿ ಬಿಚ್ಚಿಕೊಳ್ಳುತ್ತದೆ, ಒಳಗಿದ್ದ ಅಣು ಮತ್ತೆ ಬಿಡುಗಡೆಯಾಗುತ್ತದೆ, ಮತ್ತು ಅದು ಆಗುವುದು ಮೂತ್ರಕೋಶದಲ್ಲಿ. ಅಮೆರಿಕದ ಫ್ರೆಡ್ ಕಾಡ್ಲುಬರ್ ಮತ್ತು ಸಂಗಡಿಗರು 1977ರಲ್ಲಿ ಮುಂದಿಟ್ಟ ಈ ವಿವರಣೆ, ಒಂದು ಅಂಗದ ರಕ್ಷಣೆಯೇ ಇನ್ನೊಂದು ಅಂಗದ ಹೊರೆಯಾಗುವ ಬಗೆಯನ್ನು ತೋರಿಸಿಕೊಟ್ಟಿತು. ಬಿಡುಗಡೆಯಾದ ಅಣು ಯೂರೋಥೀಲಿಯಂ ಕೋಶವನ್ನು ಹೊಕ್ಕಾಗ ಅಲ್ಲಿ ಎರಡು ದಾರಿಗಳಿವೆ. ಕೋಶದಲ್ಲಿರುವ ಯುಜಿಟಿ ಮತ್ತೆ ಅದನ್ನು ಕಟ್ಟಿಹಾಕಬಹುದು. ಇಲ್ಲವೆ ಅಲ್ಲಿನ ಎನ್‌ಎಟಿ1 ಎಂಬ ಕಿಣ್ವ ಅದರ ಆಮ್ಲಜನಕಕ್ಕೇ ಅಸಿಟೈಲ್ ಅಂಟಿಸಿ ಅದನ್ನು ಡಿಎನ್‌ಎಗೆ ಅಂಟುವ ಅಣುವನ್ನಾಗಿ ಮಾಡಬಹುದು. ಕರಾವಳಿಯ ಸೆಕೆಯಲ್ಲಿ ಬೆವರು ಹರಿದು ಮೂತ್ರ ದಪ್ಪವಾಗುವ ದಿನಗಳಲ್ಲಿ ಈ ಲೆಕ್ಕಾಚಾರ ಹೇಗೆ ಬದಲಾದೀತು ಎಂಬ ಪ್ರಶ್ನೆ ಸಹಜ; ಆದರೆ ನೀರು ಕುಡಿಯುವ ಪ್ರಮಾಣಕ್ಕೂ ಈ ಕ್ಯಾನ್ಸರಿಗೂ ಇರುವ ಸಂಬಂಧದ ಬಗ್ಗೆ ಜಗತ್ತಿನ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ.

ಹೀಗಾಗಿ ಗೋಡೆಯ ಯುಜಿಟಿ ಕೊನೆಯ ಕಾವಲು. 2000ದ ದಶಕದಲ್ಲಿ ಇಟಲಿಯ ಸಂಶೋಧಕರು ಆರೋಗ್ಯಕರ ಯೂರೋಥೀಲಿಯಂನಲ್ಲಿ ಯುಜಿಟಿ 1ಎ ಪ್ರೋಟೀನು ಇರುವುದನ್ನೂ ಕ್ಯಾನ್ಸರ್ ಅಂಗಾಂಶದಲ್ಲಿ ಅದು ಕುಗ್ಗುವುದನ್ನೂ ಗುರುತಿಸಿದರು. ಮುಂದೆ ಅಮೆರಿಕದಲ್ಲಿ ನಡೆದ ಅಧ್ಯಯನವು ಸ್ನಾಯುಪದರಕ್ಕೆ ಇಳಿದ ಗಡ್ಡೆಗಳಲ್ಲಿ ಈ ಕೊರತೆ ಹೆಚ್ಚೆಂದು ಹೇಳಿತು. 2010ರಲ್ಲಿ ಸಾವಿರಾರು ಮಂದಿಯ ಇಡೀ ವಂಶವಾಹಿ ಸಂಪತ್ತನ್ನು ಜಾಲಾಡಿದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿಯೂ ಯುಜಿಟಿ 1ಎ ನೆಲೆ ಮೂತ್ರಕೋಶದ ಕ್ಯಾನ್ಸರಿಗೆ ಸಂಬಂಧಿಸಿದ ತಾಣಗಳಲ್ಲಿ ಒಂದಾಗಿ ಎದ್ದುಕಂಡಿತು. ಪ್ರಯೋಗಾಲಯದ ಇಲಿಗಳಲ್ಲಿ ಪುರುಷ ಹಾರ್ಮೋನು ಈ ಕಿಣ್ವಗಳನ್ನು ತಗ್ಗಿಸುತ್ತದೆಂಬ ಸೂಚನೆಯೂ ಇದೆ. ಗಂಡಸರಲ್ಲಿ ಈ ರೋಗ ಹೆಂಗಸರಿಗಿಂತ ಮೂರು-ನಾಲ್ಕು ಪಟ್ಟು ಹೆಚ್ಚೆಂಬುದಕ್ಕೆ ಬೀಡಿ-ಸಿಗರೇಟೊಂದೇ ಕಾರಣವಲ್ಲ ಎನ್ನುವವರು ಇದರ ಕಡೆ ಬೆರಳು ತೋರುತ್ತಾರೆ.

ಬೀಡಿಯ ಮಾತು ಉರ್ವದಲ್ಲಿ ಬರದೆ ಇರುವುದು ಸಾಧ್ಯವಿಲ್ಲ. ಉರ್ವ, ಬೋಳೂರು, ಕುದ್ರೋಳಿಯಿಂದ ಹಿಡಿದು ಜಿಲ್ಲೆಯ ಒಳನಾಡಿನವರೆಗೆ ಬೀಡಿ ಕಟ್ಟಿ ಸಂಸಾರ ನಡೆಸಿದ ಮನೆಗಳು ಅಸಂಖ್ಯ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಕಡೆಯ ತೆಂಡು ಎಲೆ, ನಿಪ್ಪಾಣಿ ಮತ್ತು ಗುಜರಾತಿನ ಹೊಗೆಸೊಪ್ಪು, ಬೀಡಿ ಕಂಪೆನಿಯ ಬ್ರಾಂಚಿನಿಂದ ತೂಕ ಮಾಡಿ ತಂದ ಎಲೆಯನ್ನು ನೆನೆಸಿ ಕತ್ತರಿಸಿ, ತೊಡೆಯ ಮೇಲಿನ ಗೆರಸೆಯಲ್ಲಿ ಹುಡಿಯಿಟ್ಟು ಸುರುಳಿ ಸುತ್ತಿ ನೂಲು ಬಿಗಿಯುವ ಹೆಂಗಸರ ಕೈ ಇವು ಕೂಡಿ ನಡೆಸಿದ ಉದ್ಯಮವಿದು. ಇಲ್ಲಿ ಎರಡು ಬೇರೆ ಬೇರೆ ಒಡನಾಟಗಳನ್ನು ಬೆರೆಸಬಾರದು. ಸೇದುವವನ ದೇಹಕ್ಕೆ ಹೋಗುವುದು ಹೊಗೆ. 4-ಅಮೈನೋಬೈಫೀನೈಲ್‌ನಂಥ ಅಮೀನ್‌ಗಳು ಹೆಚ್ಚಾಗಿ ಹುಟ್ಟುವುದು ಹೊಗೆಸೊಪ್ಪು ಉರಿಯುವಾಗ. ಕಟ್ಟುವವಳ ದೇಹಕ್ಕೆ ಹೋಗುವುದು ಹುಡಿ, ಅದು ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುತ್ತದೆ. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗೋವೇಕರ್ ಮತ್ತು ಭಿಸೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀಡಿ ಕಟ್ಟುವವರ ಮೂತ್ರದಲ್ಲಿ ಥಯೋಈಥರ್‌ಗಳ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಥಯೋಈಥರ್ ಎಂದರೆ ಗ್ಲುಟಾಥಯಾನ್ ಒಂದು ಚುರುಕಾದ ಅಣುವನ್ನು ಹಿಡಿದು ಕಟ್ಟಿದ ಮೇಲೆ ಮೂತ್ರದಲ್ಲಿ ಉಳಿಯುವ ಗಂಧಕಯುಕ್ತ ಅವಶೇಷ. ಅಂದರೆ ಬೀಡಿ ಸೇದದ ದೇಹದಲ್ಲಿಯೂ ವಿಷಹಾರಿ ಕಿಣ್ವಗಳು ಹೆಚ್ಚು ದುಡಿಯುತ್ತಿವೆ ಎಂಬುದಕ್ಕೆ ಅದು ಸಾಕ್ಷಿ. ಆ ಸಾಕ್ಷಿಯಿಂದ ಬೀಡಿ ಕಟ್ಟುವುದೇ ಮೂತ್ರಕೋಶದ ಕ್ಯಾನ್ಸರಿಗೆ ಕಾರಣ ಎಂಬ ತೀರ್ಮಾನಕ್ಕೆ ಹಾರುವುದು ವಿಜ್ಞಾನವಾಗದು. ಒಡನಾಟವೇ ಇಲ್ಲ ಎಂದು ಕೈತೊಳೆದುಕೊಳ್ಳುವುದು ಅದಕ್ಕಿಂತಲೂ ಕಡಿಮೆ ವಿಜ್ಞಾನ.

ಗ್ಲುಟಾಥಯಾನ್ ಅಂಟಿಸುವ ಕಿಣ್ವ ಕುಟುಂಬದ ಹೆಸರು ಗ್ಲುಟಾಥಯಾನ್ ಎಸ್-ಟ್ರಾನ್ಸ್‌ಫರೇಸ್, ಚುಟುಕಾಗಿ ಜಿಎಸ್‌ಟಿ (ತೆರಿಗೆಗೂ ಇದಕ್ಕೂ ನಂಟಿಲ್ಲ, ಇದು ಕೋಟ್ಯಂತರ ವರ್ಷ ಹಳೆಯದು). ಇದರ ಎಂ1 ಎಂಬ ಸದಸ್ಯನ ವಂಶವಾಹಿ ಯುರೋಪಿಯನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಪೂರ್ತಿ ಇಲ್ಲ. ಭಾರತದಲ್ಲಿ ಆ ಪ್ರಮಾಣ ಅದಕ್ಕಿಂತ ಕಡಿಮೆ. ಸ್ಪೇನಿನಲ್ಲಿ 1,150 ರೋಗಿಗಳನ್ನು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ, ಈ ಕ್ಯಾನ್ಸರ್ ಇಲ್ಲದವರೊಡನೆ ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎಂ1 ಇಲ್ಲದವರಿಗೆ ಅಪಾಯ 1.7 ಪಟ್ಟು, ನಿಧಾನ ಅಸಿಟೈಲೀಕರಣದವರಿಗೆ 1.4 ಪಟ್ಟು. ಎರಡನೆಯದರ ಪ್ರಭಾವ ಧೂಮಪಾನಿಗಳಲ್ಲಿ ಹೆಚ್ಚು ಸ್ಪಷ್ಟವಾಗಿತ್ತು. ಈ ಪಟ್ಟುಗಳು ದೊಡ್ಡವೇನಲ್ಲ. ಧೂಮಪಾನವೊಂದೇ ಅಪಾಯವನ್ನು ಮೂರು-ನಾಲ್ಕು ಪಟ್ಟು ಏರಿಸುತ್ತದೆ ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ, ರಕ್ತ ಪರೀಕ್ಷೆ ಮಾಡಿಸಿ ತನ್ನ ವಂಶವಾಹಿ ಒಳ್ಳೆಯದೆಂದು ತಿಳಿದು ಬೀಡಿ ಮುಂದುವರಿಸುವವನ ಲೆಕ್ಕ ಎಷ್ಟು ಹುಸಿ ಎಂಬುದು ಗೊತ್ತಾಗುತ್ತದೆ.

ವಂಶವಾಹಿ ಇದೆಯೋ ಇಲ್ಲವೋ ಎಂಬುದನ್ನು ಒಂದು ತೊಟ್ಟು ರಕ್ತ ಹೇಳುತ್ತದೆ. ಅಂಗಾಂಶದಲ್ಲಿ ಆ ಕಿಣ್ವ ನಿಜವಾಗಿ ತಯಾರಾಗಿದೆಯೇ, ಎಷ್ಟು ತಯಾರಾಗಿದೆ ಎಂಬ ಅಭಿವ್ಯಕ್ತಿಯ ಪ್ರಶ್ನೆಗೆ ಉತ್ತರ ಗಡ್ಡೆಯೊಳಗೇ ಹುಡುಕಬೇಕು. ಮೂತ್ರನಾಳದ ಮೂಲಕ ದುರ್ಬೀನು ತೂರಿಸಿ ವಿದ್ಯುತ್ ಕುಣಿಕೆಯಿಂದ ಹೆರೆದು ತೆಗೆದ ಗಡ್ಡೆಯ ಚೂರುಗಳು ಫಾರ್ಮಲಿನ್ ದ್ರಾವಣದಲ್ಲಿ ರೋಗನಿದಾನ ವಿಭಾಗಕ್ಕೆ ಬರುತ್ತವೆ. ಅಲ್ಲಿ ಅವನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳುವಾಗಿ ಸೀಳಿ ಗಾಜಿನ ಮೇಲೆ ಹರಡುತ್ತಾರೆ. ಆ ಕಿಣ್ವವನ್ನು ಮಾತ್ರ ಹುಡುಕಿ ಅಂಟುವ ಪ್ರತಿಕಾಯವನ್ನು ಸುರಿದು, ಅದು ಅಂಟಿದೆಡೆ ಕಂದುಬಣ್ಣ ಮೂಡುವಂತೆಯೂ ಉಳಿದ ಕೋಶಕೇಂದ್ರಗಳು ನೀಲಿಯಾಗಿ ಕಾಣುವಂತೆಯೂ ಬಣ್ಣ ಹಚ್ಚುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಗಾಜಿನ ಒಂದು ಮೂಲೆಯ ಯೂರೋಥೀಲಿಯಂ ಕಂದಾಗಿಯೂ ಪಕ್ಕದ ಗಡ್ಡೆ ಬರೀ ನೀಲಿಯಾಗಿಯೂ ಕಂಡರೆ ಕಿಣ್ವ ನಶಿಸಿದೆ ಎಂದು ಬರೆಯುವ ಆತುರ ಯಾರಿಗಾದರೂ ಸಹಜ.

ಆ ಆತುರಕ್ಕೆ ತಡೆಯೊಡ್ಡುವ ಸಂಗತಿಗಳು ಕಡಿಮೆಯಿಲ್ಲ. ಗಡ್ಡೆಯ ಪಕ್ಕದ ಅಂಗಾಂಶ ನೋಡಲು ನೆಟ್ಟಗಿದ್ದರೂ ನಲವತ್ತು ವರ್ಷ ಅದೇ ಮೂತ್ರದಲ್ಲಿ ನೆನೆದದ್ದು. ಅದನ್ನು ಆರೋಗ್ಯದ ಅಳತೆಗೋಲೆಂದು ಹಿಡಿಯುವುದು ಕಷ್ಟ. ಹೆರೆಯುವ ಕುಣಿಕೆಯ ಶಾಖಕ್ಕೆ ಚೂರಿನ ಅಂಚು ಸುಟ್ಟಿರುತ್ತದೆ. ಫಾರ್ಮಲಿನ್‌ಗೆ ಹಾಕಲು ತಡವಾದರೆ ಪ್ರೋಟೀನು ಕೆಡುತ್ತದೆ. ಯುಜಿಟಿ ಕುಟುಂಬದ ಸೋದರರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆಂದರೆ ಒಬ್ಬರಿಗಾಗಿ ಮಾಡಿದ ಪ್ರತಿಕಾಯ ಇನ್ನೊಬ್ಬರಿಗೂ ಅಂಟಬಹುದು. ಕಿಣ್ವ ತಯಾರಿಕೆಗೆ ಬೇಕಾದ ಆರ್‌ಎನ್‌ಎ ಸಂದೇಶವನ್ನು ಅಳೆದು ಪ್ರೋಟೀನಿನ ಬಗ್ಗೆ ಮಾತಾಡುವುದಂತೂ, ಆದೇಶ ಪತ್ರ ಕಂಡೊಡನೆ ಕೆಲಸ ಮುಗಿಯಿತೆಂದು ಭಾವಿಸುವ ಕಚೇರಿಯ ರೀತಿಯದು.

ಇನ್ನು ರೋಗ ಹುಟ್ಟಿದ ಮೇಲಿನ ಸಂಗತಿ. ಯುಜಿಟಿ ಕುಗ್ಗುವ ಅದೇ ಗಡ್ಡೆಗಳಲ್ಲಿ ಜಿಎಸ್‌ಟಿಯ ಪಿ1 ಎಂಬ ಸದಸ್ಯ ಅನೇಕ ವೇಳೆ ಏರಿರುತ್ತದೆ. ಮೂತ್ರಕೋಶದಲ್ಲಿ ಈ ಕುಟುಂಬದ ಮುಖ್ಯ ಸದಸ್ಯನೇ ಇವನು. ಹೊಗೆಯ ಪದಾರ್ಥಗಳಿಂದ ಆರೋಗ್ಯಕರ ಕೋಶವನ್ನು ಕಾಯುವುದು ಇವನ ಸಹಜ ಕೆಲಸ. ಕ್ಯಾನ್ಸರ್ ಕೋಶವನ್ನೂ ಇವನು ಅಷ್ಟೇ ನಿಷ್ಠೆಯಿಂದ ಕಾಯುತ್ತಾನೆ, ಮತ್ತು ಅದು ಎರಡು ಬಗೆಯಲ್ಲಿ: ಔಷಧದ ಅಣುಗಳನ್ನು ಗ್ಲುಟಾಥಯಾನ್ ಮೂಲಕ ಹೊರಗಟ್ಟಲು ನೆರವಾಗುವುದು ಒಂದು, ಜೆಎನ್‌ಕೆ ಎಂಬ ಸಂಕೇತ ಪ್ರೋಟೀನನ್ನು ಹಿಡಿದಿಟ್ಟು, ಪೆಟ್ಟು ತಿಂದ ಕೋಶ ತಾನೇ ಸಾಯಲು ಹೊರಡುವುದನ್ನು ತಡೆಯುವುದು ಇನ್ನೊಂದು. ಎರಡನೆಯದಕ್ಕೂ ವಿಷಹರಣಕ್ಕೂ ಸಂಬಂಧವೇ ಇಲ್ಲ ಎಂಬುದು ಗಮನಾರ್ಹ. ಮೂತ್ರಕೋಶದ ಗಡ್ಡೆಗಳಲ್ಲಿ ಈ ಎರಡನೆಯ ಪಾತ್ರವನ್ನು ಸರ್ಬಿಯಾದ ಬೆಲ್‌ಗ್ರೇಡಿನ ಸಂಶೋಧಕರು ವಿಶೇಷವಾಗಿ ಬೆನ್ನುಹತ್ತಿದ್ದಾರೆ. ಸ್ನಾಯುವಿಗಿಳಿದ ರೋಗಕ್ಕೆ ಕೊಡುವ ಸಿಸ್‌ಪ್ಲಾಟಿನ್ ಕೆಲವರಲ್ಲಿ ಕೆಲಸ ಮಾಡದಿರುವುದಕ್ಕೆ, ಇಂಥ ರಕ್ಷಕ ಕಿಣ್ವಗಳನ್ನು ಒಟ್ಟಿಗೆ ಎಬ್ಬಿಸುವ ಎನ್‌ಆರ್‌ಎಫ್2 ಎಂಬ ನಿಯಂತ್ರಕ ಗಡ್ಡೆಯಲ್ಲಿ ಸದಾ ಎಚ್ಚರವಾಗಿರುವುದೂ ಒಂದು ಕಾರಣವೆಂದು ಕಂಡುಬಂದಿದೆ.

ಅದೇ ನಿಯಂತ್ರಕನ ಕೈಕೆಳಗಿನ ಇನ್ನೊಂದು ಕಿಣ್ವ ಎನ್‌ಕ್ಯೂಒ1. ಮೂತ್ರಕೋಶದೊಳಗೆ ಕೊಳವೆಯ ಮೂಲಕ ತುಂಬಿಸುವ ಮೈಟೋಮೈಸಿನ್ ಔಷಧ ತಾನಾಗಿ ವಿಷವಲ್ಲ. ಎನ್‌ಕ್ಯೂಒ1ನಂಥ ಕಿಣ್ವಗಳು ಅದನ್ನು ಅಪಕರ್ಷಿಸಿದಾಗ ಅದು ಡಿಎನ್‌ಎಯನ್ನು ಹೊಲಿದುಬಿಡುವ ಅಸ್ತ್ರವಾಗುತ್ತದೆ. ಈ ಕಿಣ್ವ ಹೆಚ್ಚಿರುವ ಗಡ್ಡೆ ಔಷಧಕ್ಕೆ ಹೆಚ್ಚು ಬಾಗಬೇಕೆಂಬುದು ತರ್ಕ. ಬ್ರಿಟನ್ನಿನಲ್ಲಿ ರೋಗಿಗಳ ಗಡ್ಡೆಗಳಲ್ಲಿ ಅದನ್ನು ಅಳೆದು ನೋಡಿದಾಗ ಆ ತರ್ಕ ಕೈಕೊಟ್ಟಿತು, ಕಿಣ್ವದ ಪ್ರಮಾಣಕ್ಕೂ ಗುಣವಾಗುವುದಕ್ಕೂ ತಾಳೆ ಸಿಗಲಿಲ್ಲ. ಔಷಧ ಎಷ್ಟು ಹೊತ್ತು, ಎಷ್ಟು ಸಾಂದ್ರವಾಗಿ, ಎಂಥ ಆಮ್ಲೀಯತೆಯ ಮೂತ್ರದಲ್ಲಿ ನಿಂತಿತು ಎಂಬುದೇ ಮುಖ್ಯವಾಗುವುದುಂಟು. ಮೂತ್ರವನ್ನು ಕ್ಷಾರೀಯಗೊಳಿಸಿ, ಮೂತ್ರಕೋಶವನ್ನು ಪೂರ್ತಿ ಬರಿದುಮಾಡಿ, ಔಷಧದ ಪ್ರಮಾಣ ಏರಿಸಿ ಕೊಟ್ಟಾಗ ಫಲ ಉತ್ತಮವಾಯಿತೆಂದು 2001ರ ಒಂದು ಪ್ರಯೋಗ ತೋರಿಸಿದೆ.

ಎನ್‌ಕ್ಯೂಒ1ರ ಇನ್ನೊಂದು ಮುಖ ಕರಾವಳಿಯ ಹಿತ್ತಲುಗಳಿಗೆ ಹತ್ತಿರದ್ದು. ಹಾವಿನ ವಿಷಕ್ಕೂ ಹೊಟ್ಟೆನೋವಿಗೂ ಹಳ್ಳಿಮದ್ದಾಗಿ ಬಳಸಲಾಗುವ ಈಶ್ವರಿ ಬೇರಿನ ಬಳ್ಳಿ ಅರಿಸ್ಟೊಲೋಕಿಯ ಕುಲದ್ದು. ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಮನುಷ್ಯರಲ್ಲಿ ಖಚಿತ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅದು ಮೂತ್ರಪಿಂಡವನ್ನು ಹಾಳುಮಾಡುವುದಲ್ಲದೆ ಮೂತ್ರಪಿಂಡದಿಂದ ಮೂತ್ರಕೋಶದವರೆಗಿನ ಒಳಪದರದಲ್ಲಿ ಕ್ಯಾನ್ಸರನ್ನು ಹುಟ್ಟಿಸುತ್ತದೆ. ಆ ಆಮ್ಲವನ್ನು ಡಿಎನ್‌ಎಗೆ ಅಂಟುವ ರೂಪಕ್ಕೆ ತರುವ ಮುಖ್ಯ ಕಿಣ್ವ ಬೇರಾವುದೂ ಅಲ್ಲ, ಇದೇ ಎನ್‌ಕ್ಯೂಒ1. ವಿಷ ತೆಗೆಯಲೆಂದು ಕೊಟ್ಟ ಬೇರನ್ನು ವಿಷ ತೆಗೆಯುವ ಕಿಣ್ವವೇ ವಿಷವಾಗಿಸುತ್ತದೆ.

ಇಷ್ಟೆಲ್ಲ ಅಣುಗಳ ಲೆಕ್ಕ ಕೊನೆಗೆ ನಿಲ್ಲುವುದು ರೋಗಿಯ ಕಡತದ ಮೇಲೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡು ಬಂದವರಿಂದ ತೆಗೆದ ಗಡ್ಡೆಯಲ್ಲಿ ಯಾವ ಕಿಣ್ವ ಏರಿದೆ, ಯಾವುದು ಇಳಿದಿದೆ ಎಂದು ಮಂಗಳೂರಿನ ವೈದ್ಯಕೀಯ ಕಾಲೇಜುಗಳು ನಾಳೆ ಅಳೆದರೂ, ಆ ದೇಹ ಯಾವ ಪದಾರ್ಥವನ್ನು ಎಷ್ಟು ವರ್ಷ ಎದುರಿಸಿತ್ತು ಎಂಬುದು ಬರೆದಿರದಿದ್ದರೆ ಅಳತೆ ಮೂಕವಾಗುತ್ತದೆ. ದಿನಕ್ಕೆಷ್ಟು ಬೀಡಿ, ಎಷ್ಟು ವರ್ಷ, ಬಿಟ್ಟು ಎಷ್ಟಾಯಿತು, ಬಣ್ಣ ಅಥವಾ ರಬ್ಬರಿನ ಕೆಲಸವಿತ್ತೇ, ನಾಟಿಮದ್ದು ತೆಗೆದುಕೊಂಡದ್ದುಂಟೇ ಎಂಬ ಪ್ರಶ್ನೆಗಳು ಕಿಣ್ವದ ಪರೀಕ್ಷೆಗಿಂತ ಅಗ್ಗ, ಆದರೆ ಕೇಳಲು ಹೊತ್ತು ಬೇಕು. ಉದ್ಯೋಗದ ಅಂಕಣದಲ್ಲಿ ಹೆಂಗಸರ ಎದುರು ಗೃಹಿಣಿ ಎಂದು ಬರೆದು ಮುಂದೆ ಹೋದರೆ ಮೂವತ್ತು ವರ್ಷ ಮಡಿಲಿನ ಗೆರಸೆಯಲ್ಲಿ ಹೊಗೆಸೊಪ್ಪಿನ ಹುಡಿ ಹೊತ್ತವಳು ಲೆಕ್ಕದಿಂದ ಹೊರಗುಳಿಯುತ್ತಾಳೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಯಡಿ ಬಂದ ಗುರುತಿನ ಚೀಟಿ ಅವಳ ಕಪಾಟಿನಲ್ಲಿರಬಹುದು; ಹೊರರೋಗಿ ವಿಭಾಗದಲ್ಲಿ ಅದನ್ನು ಕೇಳಿ ನೋಡಿ ಕಡತಕ್ಕೆ ಸೇರಿಸುವ ಕ್ರಮವೊಂದು ಬಂದರೆ, ಈ ಜಿಲ್ಲೆಯ ಗಡ್ಡೆಗಳ ಮೇಣದ ಅಚ್ಚುಗಳನ್ನು ಮುಂದೊಂದು ದಿನ ತೆರೆಯುವವರಿಗೆ ಓದಲು ಏನಾದರೂ ಇರುತ್ತದೆ.